ಅಮ್ಮನ ಮಂಡಿನೋವು, ಮಗನ ನಿದ್ದೆ ಮತ್ತು ಬಾರ್ಸಿಲೋನಾದ ನಾಲ್ಕು ದಿನ

ಓದುಗರ ಪ್ರಶ್ನೆ

"ಬರುವ ಮೇ ತಿಂಗಳಲ್ಲಿ ನಾವು ಆರು ಜನ ಬಾರ್ಸಿಲೋನಾಗೆ ಹೊರಟಿದ್ದೇವೆ. ನಾನು, ಹೆಂಡತಿ, 9 ವರ್ಷದ ಮಗಳು, 5 ವರ್ಷದ ಮಗ, 70 ದಾಟಿದ ಅಪ್ಪ, 66ರ ಅಮ್ಮ. ಅಮ್ಮನಿಗೆ ಎರಡೂ ಮಂಡಿ ನೋವು. ಸಮತಟ್ಟಾದ ಕಡೆ ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಪೂರ್ತಿ ನಾಲ್ಕು ದಿನ ಸಿಗುತ್ತವೆ. ವಾಸ್ತುಶಿಲ್ಪಿ ಗೌಡಿ ಕಟ್ಟಿದ ಕಟ್ಟಡಗಳನ್ನೆಲ್ಲ ನೋಡಬೇಕೆಂಬುದು ಮುಖ್ಯ ಆಸೆ. ಹೋಗಿಬಂದ ಗೆಳೆಯರಲ್ಲಿ ಒಬ್ಬರು 'ಟಿಕೆಟ್ ಅಲ್ಲೇ ಸಿಗುತ್ತೆ' ಅಂತಾರೆ, ಇನ್ನೊಬ್ಬರು 'ಗೋಪುರ ಹತ್ತದಿದ್ದರೆ ಹೋಗಿದ್ದೇ ದಂಡ' ಅಂತಾರೆ, ಮತ್ತೊಬ್ಬರು 'ಆ ಚರ್ಚ್ ಇನ್ನೂ ಮುಗಿದೇ ಇಲ್ಲ, ಯಾಕೆ ಹೋಗ್ತೀರಿ' ಅಂತಾರೆ. ಜೇಬುಗಳ್ಳರ ಭಯ ಬೇರೆ. ನಾವು ಸಸ್ಯಾಹಾರಿಗಳು. ಅಪ್ಪ ಅಮ್ಮನಿಗೆ ಬಹುಶಃ ಇದೊಂದೇ ವಿದೇಶ ಪ್ರವಾಸ. ಅವರನ್ನು ಹೋಟೆಲಿನಲ್ಲಿ ಕೂರಿಸಿ ನಾವು ಮಾತ್ರ ಸುತ್ತುವಂತಾಗಬಾರದು. ಹೇಗೆ ಯೋಜಿಸಲಿ?"
— ಓದುಗರು, ದಾವಣಗೆರೆ

ಉತ್ತರ

ನಿಮ್ಮ ಪತ್ರದ ಕೊನೆಯ ಮೂರು ಸಾಲು ಓದಿದರೆ, ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಕಟ್ಟಡಗಳ ಪಟ್ಟಿಯಲ್ಲ ಅನಿಸುತ್ತದೆ. ಆರೂ ಜನ ಒಟ್ಟಿಗೆ ನೋಡಲು ಆಗುತ್ತದೆಯೇ ಎಂಬುದೇ ನಿಮ್ಮ ಚಿಂತೆ. ಆಗುತ್ತದೆ. ಅದಕ್ಕೆ ಪಟ್ಟಿಯನ್ನು ಅರ್ಧಕ್ಕೆ ಇಳಿಸಬೇಕು. ದಿನಕ್ಕೆ ಒಂದೇ ಕಟ್ಟಡದ ಒಳಗೆ ಹೋಗಿ, ಇನ್ನೊಂದನ್ನು ರಸ್ತೆಯಿಂದ ನೋಡಿ. ಯಾವುದು ಯಾವ ಹೊತ್ತಿಗೆ ಎಂಬುದನ್ನು ಬಿಸಿಲು ಮತ್ತು ಮೆಟ್ಟಿಲು ನೋಡಿ ತೀರ್ಮಾನಿಸಿ.

ಮೊದಲು ಗೆಳೆಯರ ಮಾತುಗಳನ್ನು ಬಿಡಿಸೋಣ.

"ಟಿಕೆಟ್ ಅಲ್ಲೇ ಸಿಗುತ್ತೆ" ಎಂಬುದು ಹಳೆಯ ಮಾತು. ನಿಮ್ಮ ಗೆಳೆಯರು ಹೇಳಿದ ಚರ್ಚ್ ಸಗ್ರಾದಾ ಫಮಿಲಿಯಾ ಮತ್ತು ಗೌಡಿ ರೂಪಿಸಿದ ಗುಡ್ಡದ ಉದ್ಯಾನ ಪಾರ್ಕ್ ಗ್ವೆಲ್ ಎರಡಕ್ಕೂ ಈಗ ದಿನ ಮತ್ತು ಗಂಟೆ ನಮೂದಿಸಿದ ಟಿಕೆಟ್ ಬೇಕು. ಪ್ರತಿ ಹೊತ್ತಿಗೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಮೇ ತಿಂಗಳಲ್ಲಿ ಬೆಳಗಿನ ಹೊತ್ತುಗಳು ಬೇಗ ತುಂಬುತ್ತವೆ. ಸಗ್ರಾದಾ ಫಮಿಲಿಯಾದ ಟಿಕೆಟ್ ಸುಮಾರು ಎರಡು ತಿಂಗಳ ಮುಂಚೆ ಅವರದೇ ಜಾಲತಾಣದಲ್ಲಿ ತೆರೆದುಕೊಳ್ಳುತ್ತದೆ, ಅಲ್ಲೇ ಕೊಳ್ಳಿ. 11 ವರ್ಷದೊಳಗಿನ ಮಕ್ಕಳಿಗೆ ಹಣವಿಲ್ಲ, ಆದರೆ ಅವರ ಹೆಸರಿಗೂ ಶೂನ್ಯ ದರದ ಟಿಕೆಟ್ ಸೇರಿಸಲೇಬೇಕು. ಬಹಳ ಕುಟುಂಬಗಳು ಇದನ್ನು ಮರೆತು ಬಾಗಿಲಲ್ಲಿ ಒದ್ದಾಡುತ್ತವೆ. ಅಪ್ಪ ಅಮ್ಮನಿಗೆ ಹಿರಿಯರ ರಿಯಾಯಿತಿ ದರ ಆರಿಸಿ, ವಯಸ್ಸಿನ ದಾಖಲೆ ಇಟ್ಟುಕೊಳ್ಳಿ. ಪಾರ್ಕ್ ಗ್ವೆಲ್‌ನಲ್ಲಿ ಉಚಿತ ಪ್ರವೇಶ 7 ವರ್ಷದೊಳಗಿನವರಿಗೆ ಮಾತ್ರ, ಹಾಗಾಗಿ ಮಗಳಿಗೆ ಟಿಕೆಟ್ ಬೇಕು.

ನೇರ ಟಿಕೆಟ್ ಮುಗಿದಿದ್ದರೆ ಗೈಡ್ ಸಹಿತ ಪ್ರವೇಶ ಕೆಲವೊಮ್ಮೆ ಉಳಿದಿರುತ್ತದೆ. ಬೆಲೆ ಹೆಚ್ಚು, ಗುಂಪಿನ ವೇಗಕ್ಕೆ ಅಮ್ಮ ನಡೆಯಬೇಕಾಗುತ್ತದೆ. ಚರ್ಚ್ ಮುಂದೆ ನಿಂತು ಟಿಕೆಟ್ ಮಾರುವವರ ಹತ್ತಿರ ಮಾತ್ರ ಕೊಳ್ಳಬೇಡಿ. ಭಾನುವಾರ ಬೆಳಗಿನ ಪ್ರಾರ್ಥನೆಗೆ ಟಿಕೆಟ್ ಇಲ್ಲದೆ ಹೋಗಬಹುದು ನಿಜ. ಆದರೆ ಮೊದಲು ಬಂದವರಿಗೆ ಜಾಗ, ಮತ್ತು ಅದು ಪೂಜೆಯ ಹೊತ್ತು. ಮಕ್ಕಳನ್ನು ಕೊನೆಯವರೆಗೆ ಸುಮ್ಮನೆ ಕೂರಿಸಲು ಆಗುತ್ತದೆ ಎಂದರೆ ಮಾತ್ರ ಹೋಗಿ.

"ಮುಗಿದೇ ಇಲ್ಲ" ಎಂಬುದು ಅರ್ಧ ಸತ್ಯ. 1882ರ ಮಾರ್ಚ್ 19ರಂದು ಶಂಕುಸ್ಥಾಪನೆಯಾದ ಈ ಚರ್ಚ್‌ನ ಮೊದಲ ವಾಸ್ತುಶಿಲ್ಪಿ ಗೌಡಿಯಲ್ಲ, ಅವರು ಹೊಣೆ ಹೊತ್ತದ್ದು 1883ರಲ್ಲಿ. 1926ರ ಜೂನ್‌ನಲ್ಲಿ ಟ್ರಾಮ್ ಬಡಿದು ತೀರಿಕೊಂಡಾಗ ಕಟ್ಟಡದ ಸಣ್ಣ ಭಾಗ ಮಾತ್ರ ಎದ್ದಿತ್ತು. 1936ರಲ್ಲಿ ಅಂತರ್ಯುದ್ಧದ ಆರಂಭದಲ್ಲೇ ಅವರ ಕಾರ್ಯಾಗಾರಕ್ಕೆ ಬೆಂಕಿ ಬಿತ್ತು, ಗಾರೆಯ ಮಾದರಿಗಳು ಪುಡಿಯಾದವು. ಆ ಚೂರುಗಳನ್ನು ಜೋಡಿಸಿ ಲೆಕ್ಕ ಹಿಡಿಯಬೇಕಾಯಿತು. ಇದು ಸರ್ಕಾರದ ಹಣದಲ್ಲಿ ಎದ್ದದ್ದಲ್ಲ, ಕಾಣಿಕೆ ಮತ್ತು ಟಿಕೆಟ್ ಹಣವೇ ಅದರ ಬಂಡವಾಳ. ತಡವಾದದ್ದು ಇದಕ್ಕೆಲ್ಲ. ಆದರೆ ಒಳಾಂಗಣಕ್ಕೆ ಚಾವಣಿ ಮುಚ್ಚಿ, 2010ರ ನವೆಂಬರ್ 7ರಂದು ಪೋಪ್ 16ನೇ ಬೆನೆಡಿಕ್ಟ್ ಅದನ್ನು ಪ್ರತಿಷ್ಠೆ ಮಾಡಿದ್ದಾರೆ. ನೀವು ನೋಡಲು ಹೋಗುತ್ತಿರುವುದು ಆ ಒಳಾಂಗಣವನ್ನು. ಹೊರಗೆ ಕ್ರೇನ್ ಕಂಡರೆ ಬೇಸರಪಡಬೇಡಿ. ಕೆಲಸ ನಡೆಯುತ್ತಿರುವ ಇಷ್ಟು ದೊಡ್ಡ ಕಲ್ಲಿನ ಕಟ್ಟಡವನ್ನು ನೋಡುವ ಅವಕಾಶ ಜಗತ್ತಿನಲ್ಲಿ ಬೇರೆಲ್ಲೂ ಅಷ್ಟು ಸುಲಭಕ್ಕೆ ಸಿಗದು.

ಇನ್ನು ಗೋಪುರ. ಇಲ್ಲಿ ನಿಮ್ಮ ಗೆಳೆಯರ ಸಲಹೆ ನಿಮ್ಮ ಮನೆಗೆ ಹೊಂದುವುದಿಲ್ಲ. ಲಿಫ್ಟ್ ನಿಮ್ಮನ್ನು ಮೇಲಕ್ಕೆ ಕರೆದೊಯ್ಯುತ್ತದೆ, ಇಳಿಯುವುದು ಕಾಲಿನಲ್ಲೇ. ಒಬ್ಬರ ಹಿಂದೆ ಒಬ್ಬರು ಇಳಿಯುವ ಇಕ್ಕಟ್ಟಾದ ಸುರುಳಿ ಮೆಟ್ಟಿಲು, ಮುನ್ನೂರಕ್ಕೂ ಹೆಚ್ಚು. ನಡುವೆ ಮನಸ್ಸು ಬದಲಿಸಿ ಹಿಂದಿರುಗುವ ದಾರಿಯಿಲ್ಲ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಭಾರ, ಮೈಯ ತೂಕವೆಲ್ಲ ಮಡಚಿದ ಮಂಡಿಯ ಮೇಲೆ ಬೀಳುತ್ತದೆ. "ಲಿಫ್ಟ್ ಇದೆಯಂತೆ" ಎಂದು ಹಿರಿಯರನ್ನು ಕರೆದುಕೊಂಡು ಹೋಗಿ ಸಿಕ್ಕಿಹಾಕಿಕೊಳ್ಳುವವರು ಇದನ್ನೇ ಕೇಳಿರುವುದಿಲ್ಲ. 6 ವರ್ಷದೊಳಗಿನವರಿಗೆ ಗೋಪುರದ ಪ್ರವೇಶವೇ ಇಲ್ಲ, ಹಾಗಾಗಿ ಮಗನೂ ಹೋಗುವಂತಿಲ್ಲ. ಮಗಳಿಗೆ ಆಸೆಯಿದ್ದರೆ ನೀವು ಮತ್ತು ಅವಳು ಮಾತ್ರ ಗೋಪುರದ ಟಿಕೆಟ್ ತೆಗೆದುಕೊಳ್ಳಿ. ಉಳಿದವರು ಒಳಗಿನ ಬೆಂಚುಗಳಲ್ಲಿ ಕೂತು ಬಣ್ಣ ನೋಡಲಿ. ಗಾಳಿ ಮಳೆ ಜೋರಾದರೆ ಗೋಪುರ ಮುಚ್ಚುತ್ತಾರೆ ಎಂಬುದೂ ತಲೆಯಲ್ಲಿರಲಿ.

ಬೆಳಿಗ್ಗೆಯೋ ಸಂಜೆಯೋ

ಈ ಚರ್ಚ್‌ನ ಗಾಜುಗಳನ್ನು ಸೂರ್ಯನ ಹಾದಿ ನೋಡಿ ಬಣ್ಣ ಮಾಡಲಾಗಿದೆ. ಏಸುವಿನ ಜನನದ ಮುಂಭಾಗ ಈಶಾನ್ಯಕ್ಕಿದೆ, ಆ ಬದಿಯ ಗಾಜು ನೀಲಿ, ಹಸಿರು. ಶಿಲುಬೆಯ ಮುಂಭಾಗ ನೈಋತ್ಯಕ್ಕಿದೆ, ಅಲ್ಲಿ ಕೆಂಪು, ಕಿತ್ತಳೆ. ಬೆಳಿಗ್ಗೆ 9ರಿಂದ 10.30ರವರೆಗೆ ನೆಲದ ಮೇಲೆ ತಣ್ಣನೆಯ ಬಣ್ಣ ಚೆಲ್ಲಿರುತ್ತದೆ. ಸಂಜೆ 5ರ ನಂತರ ಕಂಬಗಳೇ ಕೆಂಡದಂತೆ ಹೊಳೆಯುತ್ತವೆ. ನಡುಮಧ್ಯಾಹ್ನ ಎರಡೂ ಅಷ್ಟಾಗಿ ಇರುವುದಿಲ್ಲ, ಜನ ಮಾತ್ರ ಹೆಚ್ಚು.

ಫೋಟೊಗಳಲ್ಲಿ ಸಂಜೆಯ ಬೆಳಕೇ ಹೆಸರುವಾಸಿ. ಆದರೂ ನಿಮಗೆ ನಾನು ಬೆಳಗಿನ 9 ಗಂಟೆಯನ್ನೇ ಹೇಳುತ್ತೇನೆ. ಮೇ ತಿಂಗಳಲ್ಲಿ ಬಾರ್ಸಿಲೋನಾ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿನ ಸಂಜೆ 6.30 ಎಂದರೆ ನಿಮ್ಮ ಮಗನ ದೇಹಕ್ಕೆ ರಾತ್ರಿ 10. ಮೊದಲ ಎರಡು ದಿನ ಅವನು ಆ ಹೊತ್ತಿಗೆ ಹೆಗಲ ಮೇಲೆ ನಿದ್ದೆ ಹೋಗುತ್ತಾನೆ, ಬೆಳಗಿನ ಜಾವ 4ಕ್ಕೆ ಎಚ್ಚರಾಗಿ ತಿಂಡಿ ಕೇಳುತ್ತಾನೆ. ಅದರ ಜೊತೆ ಜಗಳವಾಡದೆ, ಎರಡನೇ ದಿನದ ಬೆಳಗಿನ ಮೊದಲ ಹೊತ್ತಿಗೆ ಟಿಕೆಟ್ ತೆಗೆದುಕೊಳ್ಳಿ. ಸಂಜೆಯ ಬೆಳಕೇ ಬೇಕು ಎಂದಿದ್ದರೆ ನಾಲ್ಕನೇ ದಿನಕ್ಕೆ ಇಡಿ. ಅಷ್ಟರಲ್ಲಿ ನಿದ್ದೆ ಹೊಂದಿಕೊಂಡಿರುತ್ತದೆ, ಆದರೆ ಅಂದು ಏನಾದರೂ ತಪ್ಪಿದರೆ ಮತ್ತೊಂದು ದಿನ ಉಳಿದಿರುವುದಿಲ್ಲ. ಭಾನುವಾರ ಪ್ರವಾಸಿಗರಿಗೆ ಬಾಗಿಲು ತಡವಾಗಿ ತೆರೆಯುವುದರಿಂದ ಆ ದಿನ ಬೇಡ.

ಒಳಗೆ ಹೋಗುವಾಗ ಭುಜ ಮುಚ್ಚಿರಬೇಕು, ಟೋಪಿ ತೆಗೆಯಬೇಕು. ಸೀರೆ, ಚೂಡಿದಾರ್‌ಗೆ ಏನೂ ತೊಂದರೆಯಿಲ್ಲ. ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇದೆ, ಹಾಗಾಗಿ 20 ನಿಮಿಷ ಮೊದಲೇ ಹೋಗಿ. ಆರೂ ಟಿಕೆಟ್ ಒಬ್ಬರ ಫೋನಿನಲ್ಲಿ ಮಾತ್ರ ಇದ್ದು ಆ ಫೋನ್ ಕಳೆದರೆ ಗತಿಯೇನು? ಇನ್ನೊಂದು ಫೋನಿನಲ್ಲೂ ಇರಲಿ, ಒಂದು ಪ್ರತಿ ಕಾಗದದ ಮೇಲೂ ಇರಲಿ.

ಒಳಗೆ ಮಕ್ಕಳಿಗೆ ಬೇಜಾರಾಗುತ್ತದೆ ಎಂಬ ಅಂಜಿಕೆ ಬೇಡ, ಅವರಿಗೆ ಹುಡುಕಲು ಕೆಲಸ ಕೊಡಿ. ಜನನದ ಮುಂಭಾಗದ ಕಂಬಗಳ ಬುಡದಲ್ಲಿ ಎರಡು ಆಮೆಗಳಿವೆ, ಒಂದು ನೆಲದ್ದು, ಒಂದು ಕಡಲಿನದು. ಕಡಲಾಮೆ ಸಮುದ್ರದ ದಿಕ್ಕಿಗಿದೆ. ಮಗ ಅದನ್ನು ಪತ್ತೆ ಮಾಡಲಿ. ಶಿಲುಬೆಯ ಮುಂಭಾಗದಲ್ಲಿ 16 ಅಂಕಿಗಳ ಚೌಕವಿದೆ. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹೇಗೆ ಕೂಡಿದರೂ 33, ಏಸು ತೀರಿಕೊಂಡ ವಯಸ್ಸು. ಮಗಳಿಗೆ ಪೆನ್ನು ಕಾಗದ ಕೊಡಿ. ಕಂಬಗಳ ಬಣ್ಣ ಏಕೆ ಬೇರೆ ಬೇರೆ ಎಂದು ಅಪ್ಪ ಕೇಳಿದರೆ ಉತ್ತರ ಭಾರದಲ್ಲಿದೆ. ಕಡಿಮೆ ಹೊರುವ ಕಂಬಕ್ಕೆ ಮರಳುಗಲ್ಲು, ಅದಕ್ಕಿಂತ ಹೆಚ್ಚಿಗೆ ಗ್ರಾನೈಟ್, ಬಸಾಲ್ಟ್, ನಟ್ಟನಡುವಿನ ಅತಿಭಾರದ ಕಂಬಗಳಿಗೆ ಪಾರ್ಫಿರಿ ಎಂಬ ಗಟ್ಟಿ ಕೆಂಪು ಕಲ್ಲು. ಮೇಲೆ ಅವು ಕೊಂಬೆಗಳಾಗಿ ಕವಲೊಡೆದು ಚಾವಣಿಯ ಭಾರವನ್ನು ಹಂಚಿಕೊಳ್ಳುತ್ತವೆ. ಹೀಗಾಗಿ ಗಾಥಿಕ್ ಚರ್ಚ್‌ಗಳಿಗೆ ಹೊರಗಿನಿಂದ ಕೊಡುವ ಊರುಗೋಲಿನಂಥ ಕಮಾನುಗಳು ಇಲ್ಲಿ ಬೇಕಾಗಿಲ್ಲ.

ಹೊರಬಂದ ಮೇಲೆ ಎದುರಿನ ಗೌಡಿ ಚೌಕದ ಕೊಳದ ದಂಡೆಯಲ್ಲಿ ಕೂತರೆ ಇಡೀ ಮುಂಭಾಗ ನೀರಿನಲ್ಲಿ ಕಾಣುತ್ತದೆ. ಅಲ್ಲಿಂದ ಅವಿಂಗುದಾ ಗೌಡಿ ಎಂಬ, ನಡೆಯುವವರಿಗಾಗಿಯೇ ಇರುವ ಬೀದಿ ಹಿಡಿದು ಹತ್ತು ಹದಿನೈದು ನಿಮಿಷ ನಡೆದರೆ ಸಾಂತ್ ಪಾವ್ ಆಸ್ಪತ್ರೆ. ದಾರಿಯುದ್ದಕ್ಕೂ ಬೆಂಚುಗಳಿವೆ. ಗೌಡಿ ಹೆಸರಿನ ಹಿಂದೆ ಓಡುವವರು ಇದನ್ನು ಬಿಟ್ಟುಬಿಡುತ್ತಾರೆ, ನನಗೆ ಅದು ದೊಡ್ಡ ನಷ್ಟ ಅನಿಸುತ್ತದೆ. ಲುಯಿಸ್ ದೊಮೆನೆಕ್ ಇ ಮುಂತನೆರ್ 1902ರಲ್ಲಿ ಆರಂಭಿಸಿದ, 1930ರಲ್ಲಿ ಪೂರ್ಣವಾದ ಇದು 2009ರವರೆಗೂ ಆಸ್ಪತ್ರೆಯಾಗಿಯೇ ನಡೆಯಿತು. ಒಂದೇ ದೊಡ್ಡ ಕಟ್ಟಡದ ಬದಲು ತೋಟದ ನಡುವೆ ಬಿಡಿಬಿಡಿ ವಾರ್ಡುಗಳು, ಗಾಳಿ ಬೆಳಕು ರೋಗಿಯ ಹಾಸಿಗೆಯವರೆಗೆ ಬರಲಿ ಎಂದು. ಬಿಸಿಲು ಮಳೆಯಲ್ಲಿ ರೋಗಿಗಳನ್ನು ಸಾಗಿಸಲು ನೆಲದಡಿ ಸುರಂಗಗಳು. ಬಣ್ಣದ ಹೆಂಚು, ಹೂವಿನ ಕೆತ್ತನೆ ಎಲ್ಲವೂ ಮಲಗಿದವರ ಕಣ್ಣಿಗೆ ಬೀಳುವಂತೆ. ನಿಮ್ಮ ತಾಯಿಯವರ ಮಂಡಿಗೆ ಇಡೀ ಊರಿನಲ್ಲಿ ಹಿತವಾದ ಜಾಗ ಇದು. ನೆಲ ಬಹುಪಾಲು ಸಮತಟ್ಟು, ನೆರಳಿದೆ, ಜನಜಂಗುಳಿ ಕಡಿಮೆ.

ಪಾರ್ಕ್ ಗ್ವೆಲ್: ಯಾವ ಬಾಗಿಲು ಎಂಬುದೇ ಪ್ರಶ್ನೆ

ಇದು ಗುಡ್ಡ. ಮೆಟ್ರೊದ ಹಸಿರು ಗೆರೆಯಲ್ಲಿ ಲೆಸೆಪ್ಸ್ ಅಥವಾ ವಾಲ್ಕಾರ್ಕಾದಲ್ಲಿ ಇಳಿಯಿರಿ ಎಂದು ನಕ್ಷೆ ಹೇಳುತ್ತದೆ, ಆದರೆ ಆಮೇಲಿನ ಏರನ್ನು ಹೇಳುವುದಿಲ್ಲ. ನೀವು ಪ್ಲಾಸಾ ಕತಲುನ್ಯಾದಿಂದ 24ನೇ ನಂಬರ್ ಬಸ್ ಹಿಡಿದು ಅಥವಾ ಟ್ಯಾಕ್ಸಿಯಲ್ಲಿ ಕರ್ರೆತೇರಾ ದೆಲ್ ಕಾರ್ಮೆಲ್ ಬದಿಯ ಬಾಗಿಲಿಗೆ ಹೋಗಿ. ಅಲ್ಲಿಂದ ಹಾವಿನಂತೆ ಬಳುಕುವ ಬೆಂಚಿನ ಬಯಲಿಗೆ ಹೆಚ್ಚು ಏರಿಳಿತವಿಲ್ಲ. ಹಲ್ಲಿ ಶಿಲ್ಪದ ಮೆಟ್ಟಿಲು ಕೆಳಗಿದೆ. ಮಕ್ಕಳ ಜೊತೆ ಒಬ್ಬರು ಇಳಿದು ನೋಡಿ ಬರಲಿ, ಅಪ್ಪ ಅಮ್ಮ ಬೆಂಚಿನ ಮೇಲೆ ಊರು ಮತ್ತು ಕಡಲು ನೋಡುತ್ತಾ ಕೂರಲಿ. ಆ ಬೆಂಚಿನ ಬೆನ್ನು ಸೊಂಟಕ್ಕೆ ಒತ್ತು ಕೊಡುವಂತೆ ಬಾಗಿದೆ. ವಾಪಸಾಗುವಾಗಲೂ ಅದೇ ಮೇಲಿನ ಬಾಗಿಲು.

ಆ ಬಯಲು ಒಂದು ಚಾವಣಿ ಎಂದು ಮಕ್ಕಳಿಗೆ ಹೇಳಿ. ಕೆಳಗೆ 86 ಕಂಬಗಳು ಅದನ್ನು ಹೊತ್ತಿವೆ. ಬಯಲಿನ ಮೇಲೆ ಬಿದ್ದ ಮಳೆನೀರು ಮಣ್ಣಿನಲ್ಲಿ ಸೋಸಿ, ಕಂಬಗಳೊಳಗಿನ ಕೊಳವೆಯಲ್ಲಿ ಇಳಿದು, ಕೆಳಗಿನ ತೊಟ್ಟಿ ಸೇರುತ್ತದೆ. ತೊಟ್ಟಿ ತುಂಬಿ ಉಕ್ಕಿದ ನೀರು ಹಲ್ಲಿಯ ಬಾಯಿಂದ ಹೊರಬರುವಂತೆ ಮಾಡಲಾಗಿತ್ತು. 1900ರಲ್ಲಿ ಇದು ಶ್ರೀಮಂತರ ಬಡಾವಣೆಯಾಗಿ ಶುರುವಾಯಿತು. 60 ನಿವೇಶನಗಳ ಲೆಕ್ಕವಿತ್ತು, ಮಾರಾಟವಾಗದೆ 1914ರಲ್ಲಿ ಕೆಲಸ ನಿಂತಿತು, 1926ರಲ್ಲಿ ಸಾರ್ವಜನಿಕ ಉದ್ಯಾನವಾಯಿತು. ಬಯಲಿನಲ್ಲಿ ನೆರಳು ಕಡಿಮೆ, ಬೆಳಗಿನ ಹೊತ್ತೇ ಒಳ್ಳೆಯದು. ಟಿಕೆಟ್‌ನಲ್ಲಿ ಬರೆದ ಹೊತ್ತಿನಿಂದ ಅರ್ಧ ಗಂಟೆಯೊಳಗೆ ಒಳಗಿರಬೇಕು, ಒಮ್ಮೆ ಹೊರಬಂದರೆ ಮತ್ತೆ ಬಿಡುವುದಿಲ್ಲ. ಶೌಚಾಲಯ, ನೀರು ಎಲ್ಲ ಮುಂಚೆಯೇ ನೋಡಿಕೊಳ್ಳಿ.

ಎರಡು ಮನೆಗಳಲ್ಲಿ ಒಂದು

ಪಸೇಜ್ ದೆ ಗ್ರಾಸಿಯಾ ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ಅಂತರದಲ್ಲಿ ಗೌಡಿಯ ಎರಡು ಮನೆಗಳು, ಕಾಸಾ ಬಟ್ಯೋ (43ನೇ ನಂಬರ್) ಮತ್ತು ಲಾ ಪೆಡ್ರೇರಾ ಎಂದು ಕರೆಯುವ ಕಾಸಾ ಮಿಲಾ (92ನೇ ನಂಬರ್) ಇವೆ. ಎರಡಕ್ಕೂ ದೊಡ್ಡವರ ಟಿಕೆಟ್ ತಲೆಗೆ 25 ಯೂರೋ ದಾಟುತ್ತದೆ. ಒಂದರ ಒಳಗೆ ಹೋದರೆ ಸಾಕು.

ನಿಮಗೆ ಬಟ್ಯೋ ಸರಿಹೋಗುತ್ತದೆ. ಲಿಫ್ಟ್ ಇದೆ, ಮಕ್ಕಳಿಗೆ ರುಚಿಸುತ್ತದೆ. ಒಳಗಿನ ಬೆಳಕಿನ ಬಾವಿಯನ್ನು ತಪ್ಪಿಸಬೇಡಿ. ಮೇಲೆ ಕಡುನೀಲಿ ಹೆಂಚು, ಕೆಳಗೆ ಬರುತ್ತಾ ತಿಳಿನೀಲಿ. ಕಿಟಕಿಗಳು ಮೇಲೆ ಚಿಕ್ಕವು, ಕೆಳಗೆ ದೊಡ್ಡವು. ಮೇಲೆ ಹೆಚ್ಚು ಬೀಳುವ ಬೆಳಕನ್ನು ಹೀರಿ, ಕೆಳಗಿನ ಕೋಣೆಗಳಿಗೂ ಸಮವಾಗಿ ಸಿಗಲಿ ಎಂಬ ಲೆಕ್ಕ ಅದು. ಲಾ ಪೆಡ್ರೇರಾದ ಅಟ್ಟದ 270 ಇಟ್ಟಿಗೆ ಕಮಾನುಗಳು ಕಟ್ಟಡ ಕಟ್ಟುವ ವಿದ್ಯೆಯಲ್ಲಿ ಆಸಕ್ತಿ ಇರುವವರಿಗೆ ಹಬ್ಬ. ಆದರೆ ಅದರ ತಾರಸಿ ಏರಿಳಿತದ ಮೆಟ್ಟಿಲುಗಳದ್ದೇ. ಹೊರಗಿನಿಂದ ನೋಡಲು ಬಟ್ಯೋಗೆ ಬೆಳಿಗ್ಗೆ, ಪೆಡ್ರೇರಾಗೆ ಮಧ್ಯಾಹ್ನದ ನಂತರ ಬಿಸಿಲು ಬೀಳುತ್ತದೆ. ನೀವು ಇಳಿದ ಮೊದಲ ದಿನ, ಯಾವ ಟಿಕೆಟ್ಟೂ ಇಟ್ಟುಕೊಳ್ಳದೆ, ಈ ರಸ್ತೆಯಲ್ಲಿ ಸುಮ್ಮನೆ ಕೂತು ಎದ್ದು ನಡೆಯಿರಿ. ದೀಪಕಂಬಕ್ಕೆ ಅಂಟಿಕೊಂಡಂತಿರುವ ಬಿಳಿ ಹೆಂಚುಚೂರಿನ ಬೆಂಚುಗಳು ಅಲ್ಲಿವೆ. ಗೌಡಿಯವು ಎಂದೇ ಬಹಳ ಜನ ತಿಳಿದಿದ್ದಾರೆ, ಮಾಡಿದ್ದು ಪೆರೆ ಫಾಲ್ಕೆಸ್.

ಈ ಬಡಾವಣೆಯ ಹೆಸರು ಎಶಾಂಪ್ಲ, ಇಲ್ದೆಫೋನ್ಸ್ ಸೆರ್ದಾ 1859ರಲ್ಲಿ ಗೆರೆ ಎಳೆದದ್ದು. ಸುಮಾರು 113 ಮೀಟರಿನ ಚೌಕಗಳು, ನಾಲ್ಕೂ ಮೂಲೆ ಕತ್ತರಿಸಿದಂತೆ. ನೋಡಲು ಚೆಂದ, ನಡೆಯುವವರಿಗೆ ಒಂದು ತೊಡಕು. ರಸ್ತೆ ದಾಟುವ ಪಟ್ಟೆ ಮೂಲೆಯಿಂದ ಒಳಗೆ ಸರಿದಿರುವುದರಿಂದ ಪ್ರತಿ ಚೌಕದಲ್ಲೂ ಸ್ವಲ್ಪ ಸುತ್ತಬೇಕು. ನಕ್ಷೆ 10 ನಿಮಿಷ ಎಂದರೆ ಅಮ್ಮನ ಜೊತೆ 20 ಎಂದು ಇಟ್ಟುಕೊಳ್ಳಿ.

ಉಳಿಯುವುದು, ಓಡಾಟ

ಮನೆ ಬಾಡಿಗೆಗೆ ಹಿಡಿಯುವುದಾದರೆ ಒಂದು ವಿಷಯ ಗಟ್ಟಿಯಾಗಿ ಕೇಳಿ: ಲಿಫ್ಟ್ ಇದೆಯೇ, ಅದು ಬೀದಿಯ ಮಟ್ಟದಿಂದಲೇ ಶುರುವಾಗುತ್ತದೆಯೇ? ಎಶಾಂಪ್ಲದ ಹಳೆಯ ಕಟ್ಟಡಗಳಲ್ಲಿ ನೆಲಮಹಡಿಯ ಮೇಲೆ 'ಎಂತ್ರೆಸೋಲ್', ಅದರ ಮೇಲೆ 'ಪ್ರಿನ್ಸಿಪಾಲ್', ಆಮೇಲೆ '1ನೇ ಮಹಡಿ' ಬರುತ್ತದೆ. ಒಂದನೇ ಮಹಡಿ ತಾನೇ ಎಂದು ಒಪ್ಪಿಕೊಂಡರೆ ನಮ್ಮ ಲೆಕ್ಕದ ಮೂರನೇ ಮಹಡಿ ಹತ್ತಬೇಕಾದೀತು. ಪರವಾನಗಿ ಇರುವ ಪ್ರವಾಸಿ ಮನೆಗೆ 'ಎಚ್‌ಯುಟಿಬಿ' ಎಂದು ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ. ಅದು ಇಲ್ಲದ್ದನ್ನು ಮುಟ್ಟಬೇಡಿ, ಕೊನೆ ಗಳಿಗೆಯಲ್ಲಿ ರದ್ದಾದರೆ ಆರು ಜನರಿಗೆ ಬೇರೆ ಜಾಗ ಹುಡುಕುವುದು ಸುಲಭವಲ್ಲ. ಹೋಟೆಲ್‌ನಲ್ಲಿ ಈ ತಲೆನೋವಿಲ್ಲ, ಆದರೆ ಅನ್ನ ಬೇಯಿಸಲು ಆಗದು.

ಮೆಟ್ರೊ ಮತ್ತು ಬಸ್ಸಿಗೆ ಟಿ-ಕಾಶುವಾಲ್ ಎಂಬ 10 ಪ್ರಯಾಣದ ಕಾರ್ಡ್ ಒಬ್ಬರಿಗೆ ಒಂದು. ಒಂದೇ ಕಾರ್ಡನ್ನು ಆರು ಸಲ ಒತ್ತುವಂತಿಲ್ಲ, ಸಿಕ್ಕಿಬಿದ್ದರೆ ದಂಡ. 4 ವರ್ಷ ದಾಟಿದ ಮಗನಿಗೂ ಟಿಕೆಟ್ ಬೇಕು. ವಿಮಾನ ನಿಲ್ದಾಣದ ಮೆಟ್ರೊಗೆ ಈ ಕಾರ್ಡ್ ನಡೆಯುವುದಿಲ್ಲ, ಆ ದಿನ ಏರೋಬಸ್ ಅಥವಾ ಟ್ಯಾಕ್ಸಿ ಇರಲಿ. ಮಾಮೂಲಿ ಟ್ಯಾಕ್ಸಿ ನಾಲ್ಕು ಜನಕ್ಕೆ. ಆರು ಜನಕ್ಕೆ ದೊಡ್ಡ ಗಾಡಿಯನ್ನೇ ಕೇಳಿ. ಪಸೇಜ್ ದೆ ಗ್ರಾಸಿಯಾ ನಿಲ್ದಾಣದಲ್ಲಿ ಹಸಿರು ಗೆರೆಯಿಂದ ಹಳದಿ ಅಥವಾ ನೇರಳೆ ಗೆರೆಗೆ ಬದಲಾಯಿಸಲು ಉದ್ದನೆಯ ಸುರಂಗ ನಡೆಯಬೇಕು. ಅಮ್ಮ ಜೊತೆಗಿದ್ದರೆ ಆ ಬದಲಾವಣೆ ತಪ್ಪಿಸಿ, ಬಸ್ ಹಿಡಿಯಿರಿ.

ಜೇಬುಗಳ್ಳರ ಭಯ ಸುಳ್ಳಲ್ಲ, ಆದರೆ ಅದು ಹಲ್ಲೆಯ ಭಯವಲ್ಲ, ಗಮನ ತಪ್ಪಿಸುವ ಕೈಚಳಕ. ಮೆಟ್ರೊ ಬಾಗಿಲು ಮುಚ್ಚುವ ಕ್ಷಣದ ನೂಕಾಟ, ಬಟ್ಟೆಗೆ ಏನೋ ಬಿದ್ದಿದೆ ಎಂದು ಒರೆಸಲು ಬರುವವರು, ಸಹಿ ಹಾಕಿ ಎಂದು ಹಲಗೆ ಹಿಡಿಯುವವರು, ಲಾ ರಾಂಬ್ಲಾ ಬೀದಿಯಲ್ಲಿ ಊಟದ ಮೇಜಿನ ಮೇಲಿಟ್ಟ ಫೋನು, ಇವು ಅವರ ಜಾಗಗಳು. ಪಾಸ್‌ಪೋರ್ಟ್‌ಗಳು ಕೋಣೆಯ ಲಾಕರಿನಲ್ಲಿರಲಿ, ಬಣ್ಣದ ನಕಲು ಜೊತೆಗಿರಲಿ. ಅಮ್ಮ ದಪ್ಪ ಚಿನ್ನದ ಸರ ಊರಲ್ಲೇ ಬಿಟ್ಟು, ತೆಳುವಾದ ಕರಿಮಣಿಯನ್ನು ಬಟ್ಟೆಯೊಳಗೆ ಹಾಕಿಕೊಂಡರೆ ನಿಶ್ಚಿಂತೆ. ಕಳುವಾದರೆ ಪೊಲೀಸ್ ದೂರಿನ ಪ್ರತಿ ಪಡೆಯಿರಿ, ವಿಮೆಗೂ ಹೊಸ ಪಾಸ್‌ಪೋರ್ಟ್‌ಗೂ ಅದು ಬೇಕೇ ಬೇಕು. ತುರ್ತು ಸಂಖ್ಯೆ 112.

ಊಟ

'ಸ್ಯಾಂಡ್‌ವಿಚ್ ವೆಖೆತಾಲ್' (ತರಕಾರಿಯದು ಎಂದರ್ಥ) ಎಂಬ ಹೆಸರು ನಂಬಿ ಕೊಳ್ಳಬೇಡಿ, ಅದರಲ್ಲಿ ಸಾಮಾನ್ಯವಾಗಿ ಟ್ಯೂನಾ ಮೀನು, ಮೊಟ್ಟೆ ಇರುತ್ತದೆ. ತರಕಾರಿ ಪಲ್ಯದಲ್ಲೂ ಹಂದಿಮಾಂಸದ ಚೂರು ಬರಬಹುದು. 'ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್' ಎಂದು ಮೂರನ್ನೂ ಹೇಳಿ: ಮಾಂಸ ಬೇಡ, ಮೀನು ಬೇಡ, ಹಂದಿ ತೊಡೆಮಾಂಸ ಬೇಡ. ಮೊಟ್ಟೆಯನ್ನೂ ತಿನ್ನದವರಾದರೆ 'ಸಿನ್ ಹುವೆವೊ' ಸೇರಿಸಿ. ಟೊಮ್ಯಾಟೊ ಉಜ್ಜಿದ ಬ್ರೆಡ್, ಸುಟ್ಟ ಬದನೆ ಮತ್ತು ದೊಣ್ಣೆಮೆಣಸಿನ ಎಸ್ಕಲಿವಾದಾ, ಒಣದ್ರಾಕ್ಷಿ ಮತ್ತು ಚಿಲ್ಗೋಜ ಹಾಕಿದ ಪಾಲಕ್ ನಿಮ್ಮ ನಾಲಿಗೆಗೆ ಹಿಡಿಸುತ್ತವೆ. ಹೋಟೆಲುಗಳಲ್ಲಿ ರಾತ್ರಿ ಊಟ ಶುರುವಾಗುವುದೇ 8.30ರ ಮೇಲೆ, ಆ ಹೊತ್ತಿಗೆ ನಿಮ್ಮ ಮಕ್ಕಳು ಎದ್ದಿರುವುದಿಲ್ಲ. ಮಧ್ಯಾಹ್ನ 1.30ಕ್ಕೆ ಗಟ್ಟಿ ಊಟ ಮಾಡಿ, ರಾತ್ರಿ ಕೋಣೆಯಲ್ಲೇ ಅವಲಕ್ಕಿಯೋ ಉಪ್ಪಿಟ್ಟೋ ಸಾಕು. ಸೂಪರ್‌ಮಾರ್ಕೆಟ್‌ಗಳು ಬಹುಪಾಲು ಭಾನುವಾರ ಮುಚ್ಚುತ್ತವೆ, ಶನಿವಾರವೇ ಹಾಲು ಹಣ್ಣು ತಂದಿಡಿ. ರಾವಾಲ್ ಬಡಾವಣೆಯಲ್ಲಿ ಅಕ್ಕಿ ಬೇಳೆ ಮಸಾಲೆ ಮಾರುವ ಭಾರತೀಯ, ಪಾಕಿಸ್ತಾನಿ ಅಂಗಡಿಗಳಿವೆ.

ಊರಿನಿಂದ ಚಟ್ನಿಪುಡಿ, ಅವಲಕ್ಕಿ, ಹುರಿದ ರವೆ ಒಯ್ಯಬಹುದು. ತುಪ್ಪ, ಪೇಡ, ಖೋವಾದ ಸಿಹಿ ಬೇಡ. ಐರೋಪ್ಯ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಹಾಲಿನ ಉತ್ಪನ್ನ ತರುವಂತಿಲ್ಲ. ಹಸಿ ಕರಿಬೇವಿಗೂ ಅದೇ ಗತಿ.

ವೀಸಾ

ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಶೆಂಗೆನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ನಿಯಮದಂತೆ 15 ದಿನ ಮೊದಲಾದರೂ ಸಾಕು, ಆದರೆ ಬೇಸಿಗೆ ರಜೆಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಜನವರಿಯಲ್ಲೇ ಕೈಹಾಕಿ. ಸ್ಪೇನ್ ಅರ್ಜಿಗೆ ಬೆಂಗಳೂರಿನಲ್ಲೇ ಕೇಂದ್ರವಿದೆ. ಶುಲ್ಕ ದೊಡ್ಡವರಿಗೆ 90 ಯೂರೋ, ಮಗಳಿಗೆ 45, 6 ತುಂಬದ ಮಗನಿಗೆ ಇಲ್ಲ. ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅಪ್ಪ ಅಮ್ಮನ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗಳನ್ನು ಒಳಗೊಂಡಿದೆಯೇ ಎಂದು ಓದಿ ನೋಡಿ. ಅಗ್ಗದ ಪಾಲಿಸಿಗಳಲ್ಲಿ ಅದನ್ನೇ ಕೈಬಿಟ್ಟಿರುತ್ತಾರೆ. ಸಕ್ಕರೆ, ಬಿಪಿ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿಡಿ. ವೀಸಾ ಕೈಗೆ ಬರುವ ಮೊದಲೇ ಚರ್ಚ್ ಟಿಕೆಟ್ ತೆರೆದುಕೊಂಡರೆ ಏನು ಮಾಡಬೇಕು ಎಂದು ಕೇಳುತ್ತೀರಿ. ವೀಸಾ ಬರದಿದ್ದರೆ ಆ ಹಣ ಹೋಗಬಹುದು, ಕಾದರೆ ಬೆಳಗಿನ ಹೊತ್ತು ಹೋಗಬಹುದು. ರದ್ದತಿಯ ಷರತ್ತು ಓದಿ, ಮೊದಲು ಆ ಒಂದು ಟಿಕೆಟ್ ಮಾತ್ರ ಕೊಳ್ಳಿ. ಬಟ್ಯೋ, ಸಾಂತ್ ಪಾವ್ ವೀಸಾ ಬಂದ ಮೇಲೂ ಸಿಗುತ್ತವೆ.

ಹೊರಡುವ ಮುಂಚೆ ಮನೆಯಲ್ಲೇ ಒಂದು ಕೆಲಸ ಮಾಡಿ. ಮಗಳ ಕೈಗೆ ಒಂದು ತೆಳುವಾದ ಸರಪಳಿ ಕೊಡಿ, ಎರಡೂ ತುದಿ ಹಿಡಿದು ಜೋತುಬಿಡಲಿ. ಫೋಟೊ ತೆಗೆದು ತಲೆಕೆಳಗು ಮಾಡಿ ತೋರಿಸಿ. ಜೋತುಬಿದ್ದಾಗ ಸರಪಳಿಯಲ್ಲಿ ಎಳೆತ ಮಾತ್ರ ಇರುತ್ತದೆ, ತಿರುಗಿಸಿದರೆ ಅದೇ ಆಕಾರದ ಕಲ್ಲಿನ ಕಮಾನಿನಲ್ಲಿ ಒತ್ತಡ ಮಾತ್ರ. ಕಲ್ಲಿಗೆ ಒತ್ತಡ ತಡೆಯುವ ಶಕ್ತಿಯಿದೆ, ಎಳೆತ ತಡೆಯುವುದಿಲ್ಲ. ಗೌಡಿ ದಾರಗಳಿಗೆ ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಕಟ್ಟಿ ಹೀಗೆಯೇ ಒಂದು ಚರ್ಚ್‌ನ ಲೆಕ್ಕ ಹಾಕಿದರು. ಅದೇ ರೀತಿಯ ಜೋತುಬಿಟ್ಟ ಮಾದರಿ ಸಗ್ರಾದಾ ಫಮಿಲಿಯಾದ ನೆಲಮಾಳಿಗೆಯ ಮ್ಯೂಸಿಯಂನಲ್ಲಿದೆ, ನಿಮ್ಮ ಟಿಕೆಟ್ಟಿನಲ್ಲೇ ಸೇರಿದೆ. ಅದರ ಮುಂದೆ ನಿಂತಾಗ ಅಜ್ಜ ಅಜ್ಜಿಗೆ ವಿವರಿಸುವ ಕೆಲಸವನ್ನು ಮಗಳಿಗೇ ಬಿಡಿ.